ದುಡ್ಡು ಕಟ್ಟಿ ಡೇಟಾ ಟ್ರೈನಿಂಗ್ ಸೇರಬೇಕಾ, ಅಪ್ರೆಂಟಿಸ್ ಆಗಿ ಹೋಗಬೇಕಾ?

ತೋಟದಮನೆ_ಶಿರಸಿ:
ನಮಸ್ಕಾರ. ಈ ವರ್ಷ ಬಿಕಾಂ ಮುಗಿಯಿತು. ನಾಲ್ಕು ತಿಂಗಳಿಂದ ಇಲ್ಲೇ ಪೇಟೆಯಲ್ಲಿ ಒಬ್ಬ ಆಡಿಟರ್ ಹತ್ತಿರ ಟ್ಯಾಲಿ, ಜಿಎಸ್‌ಟಿ ಅಂತ ಕೆಲಸ. ಎಕ್ಸೆಲ್‌ನಲ್ಲಿ ಪಿವೋಟ್ ಟೇಬಲ್ ತನಕ ಬರುತ್ತದೆ. ಡೇಟಾ ಅನಾಲಿಸಿಸ್ ಕಡೆ ಹೋಗಬೇಕು ಅಂತ ಆಸೆ. ಬೆಂಗಳೂರಿನ ಒಂದು ಸಂಸ್ಥೆಯವರು ಆರು ತಿಂಗಳ ಟ್ರೈನಿಂಗ್, ಆಮೇಲೆ ಕೆಲಸ ಗ್ಯಾರಂಟಿ ಅನ್ನುತ್ತಾರೆ, ಫೀ 85 ಸಾವಿರ. ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ಒಂದು ವರ್ಷದ ಅಪ್ರೆಂಟಿಸ್, ಅವರೇ ತಿಂಗಳಿಗೆ 12 ಸಾವಿರ ಕೊಡುತ್ತಾರೆ, ಆದರೆ ವರ್ಷ ಆದಮೇಲೆ ಇಟ್ಟುಕೊಳ್ಳುತ್ತೇವೆ ಅಂತ ಮಾತು ಕೊಡುವುದಿಲ್ಲ. ಅಡಿಕೆ ದುಡ್ಡು ಬಂದಮೇಲೆ ಫೀ ಕಟ್ಟೋಣ ಅಂತಾರೆ ಅಪ್ಪ. ಈ ಸಲ ಕೊಳೆರೋಗ ಬೇರೆ. ಏನು ಮಾಡಲಿ?

ಕಡಲತಡಿ_ಕಾರವಾರ:
ತಮ್ಮಾ, ಫೀ ಕಟ್ಟಬೇಡ. ನಾನು ಕಾರವಾರದಲ್ಲಿ ಬಿಎಸ್‌ಸಿ ಮಾಡಿ ಟ್ರೈನಿಯಾಗಿ ಸೇರಿದವಳು. ಮೊದಲ ಎರಡು ತಿಂಗಳು ಡೇಟಾ ತೊಳೆಯುವ ಕೆಲಸ, ಅಷ್ಟೇ. ಗ್ರಾಹಕರ ಪಟ್ಟಿಯಲ್ಲಿ ಒಂದು ಕಡೆ ಸಿರ್ಸಿ, ಇನ್ನೊಂದು ಕಡೆ ಶಿರಸಿ. ನಮಗೆ ಒಂದೇ ಊರು, ಕಂಪ್ಯೂಟರಿಗೆ ಎರಡು. ಬೇಜಾರಾಗಿ ಬಿಟ್ಟು ಬರೋಣ ಅನ್ನಿಸಿತ್ತು. ಆಮೇಲೆ ಎಸ್‌ಕ್ಯೂಎಲ್ ಕೊಟ್ಟರು, ಡೇಟಾಬೇಸಿನಿಂದ ಬೇಕಾದ್ದನ್ನು ಕೇಳಿ ತೆಗೆಯುವ ಭಾಷೆ ಅದು. ಎರಡು ಟೇಬಲ್ ಜಾಯಿನ್ ಮಾಡಿದೆ, ಅಂದರೆ ಎರಡು ಪಟ್ಟಿಯ ಹೊಂದುವ ಸಾಲುಗಳನ್ನು ಜೋಡಿಸಿದೆ, ಒಂದೇ ಬಿಲ್ ಎರಡೆರಡು ಸಲ ಬಂದು ಮಾರಾಟ ಜಾಸ್ತಿ ಕಾಣಿಸಿತು, ನಾನು ಖುಷಿಯಿಂದ ರಿಪೋರ್ಟ್ ಕಳಿಸಿಯೂ ಬಿಟ್ಟೆ! ಸೀನಿಯರ್ ಬೈಯಲಿಲ್ಲ. ಪಕ್ಕ ಕೂತು, ಜಾಯಿನ್ ಮಾಡುವ ಮೊದಲು ಎಷ್ಟು ಸಾಲು ಇತ್ತು, ಆಮೇಲೆ ಎಷ್ಟಾಯ್ತು ಅಂತ ಕೇಳಿದರು. ಇವತ್ತಿಗೂ ಅದನ್ನು ಎಣಿಸದೆ ಮುಂದೆ ಹೋಗುವುದಿಲ್ಲ. ವಿಡಿಯೋ ನೋಡಿ ಜಾಯಿನ್ ಕಲಿಯಬಹುದು, ಐಐಟಿಯವರ ಆನ್‌ಲೈನ್ ಪಾಠದ ತಾಣ ಎನ್‌ಪಿಟಿಇಎಲ್‌ನಲ್ಲಿ ಪಾಠ ಪುಕ್ಕಟೆ ಸಿಗುತ್ತದೆ. ನಿನ್ನ ತಪ್ಪನ್ನು ದಿನಾ ನೋಡುವವರು ಸಿಗುವುದು ಕಷ್ಟ. ಹುಬ್ಬಳ್ಳಿಯವರನ್ನು ಅದೊಂದು ಕೇಳು, ನನ್ನ ಕೆಲಸ ನೋಡುವವರು ಯಾರು ಅಂತ.

ಶರಾವತಿ_ಹೊಳೆಬದಿ:
ಕೆಲಸ ಗ್ಯಾರಂಟಿ ಅನ್ನುವವರ ಹತ್ತಿರ ಆ ಗ್ಯಾರಂಟಿಯನ್ನು ಬರೆದು ಕೊಡಿ ಅನ್ನಿ, ಮುಖ ನೋಡಿ. ನನ್ನ ತಂಗಿಯ ಮಗ ಹಾಗೆ ಕಟ್ಟಿದ, ಕೊನೆಗೆ ಸಿಕ್ಕಿದ್ದು ಟೆಲಿಕಾಲಿಂಗ್. ಹುಬ್ಬಳ್ಳಿಯವರು ಮಾತು ಕೊಡಲಿಲ್ಲ ಅಂತ ಹೆದರಬೇಡಿ. 1961ರ ಅಪ್ರೆಂಟಿಸ್ ಕಾಯ್ದೆಯಲ್ಲೇ ತರಬೇತಿ ಮುಗಿದವರಿಗೆ ಕೆಲಸ ಕೊಡಲೇಬೇಕು ಅಂತ ಇಲ್ಲ. ಆದರೆ ಸುಮ್ನೆ ಹೆಸರಿಗೆ ಅಪ್ರೆಂಟಿಸ್ ಅಂದರೆ ಆಗದು, ಒಪ್ಪಂದ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆಯಾ ನೋಡಿ. 2019ರ ನಿಯಮದಲ್ಲೇ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ಇತ್ತು, ನಿಮ್ಮದು ಅದಕ್ಕಿಂತ ಮೇಲಿದೆ. ಮಾರ್ಕ್ಸ್‌ಕಾರ್ಡಿನ ಒರಿಜಿನಲ್ ಕೇಳಿದರೆ ಎದ್ದು ಬನ್ನಿ.

ಬೆಟ್ಟದಹಾದಿ_ಯಲ್ಲಾಪುರ:
ಹೋಗುವ ಮೊದಲು ಒಂದು ಕೆಲಸ ಮಾಡು ಮಾರಾಯ. ಕೃಷಿ ಮಾರುಕಟ್ಟೆ ದರ ಹಾಕುವ ಸರ್ಕಾರದ ತಾಣ ಅಗ್‌ಮಾರ್ಕ್‌ನೆಟ್‌ನಲ್ಲಿ ಶಿರಸಿ ಮಾರುಕಟ್ಟೆಯ ಅಡಿಕೆ ದರ ಸಿಗುತ್ತದೆ. ಇಳಿಸಿಕೊಂಡು ತಿಂಗಳ ಸರಾಸರಿ ತೆಗೆ. ಹೊರಗಿನವರು ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅಂತ ಅಡಿಕೆಯ ಬೇರೆ ಬೇರೆ ಬಗೆ ಎಲ್ಲದರ ದರ ಕೂಡಿಸಿ ಭಾಗಿಸಿಬಿಡುತ್ತಾರೆ. ಹಾಗೆ ಮಾಡಿದ್ದು ನಿಮ್ಮಪ್ಪನಿಗೆ ತೋರಿಸಿದರೆ ನಕ್ಕುಬಿಡುತ್ತಾರೆ, ಅಲ್ವಾ? ಲೆಕ್ಕಕ್ಕೆ ಹೀಗೆ ಅಂದುಕೋ: ರಾಶಿ 90 ಕ್ವಿಂಟಲ್ 50,000ದ ಹಾಗೆ ಹೋಯಿತು, ಕಡಿಮೆ ದರ್ಜೆಯ ಕೋಕಾ 10 ಕ್ವಿಂಟಲ್ 20,000ದ ಹಾಗೆ. ಸುಮ್ಮನೆ ಭಾಗಿಸಿದರೆ ಸರಾಸರಿ 35,000, ಆವಕ, ಅಂದರೆ ಮಾರುಕಟ್ಟೆಗೆ ಬಂದ ಪ್ರಮಾಣ ಹಿಡಿದು ಲೆಕ್ಕ ಹಾಕಿದರೆ 47,000. ಈ ವ್ಯತ್ಯಾಸ ಸಂದರ್ಶನದಲ್ಲಿ ಬಿಡಿಸಿ ಹೇಳಿದರೆ ಸರ್ಟಿಫಿಕೇಟ್ ಯಾರೂ ಕೇಳಲಿಕ್ಕಿಲ್ಲ.

ಕಡಲತಡಿ_ಕಾರವಾರ:
ಇದು ಸರಿ. ನಮ್ಮ ಕಡೆ ಮೀನಿನದೂ ಹಾಗೇ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ, ನಾಡದೋಣಿ ಮಾತ್ರ. ಅದು ಗೊತ್ತಿಲ್ಲದವನು ಗ್ರಾಫ್ ನೋಡಿ ಮೀನುಗಾರಿಕೆ ಕುಸಿಯಿತು ಅಂತ ಬರೆದುಬಿಡುತ್ತಾನೆ.

ತೋಟದಮನೆ_ಶಿರಸಿ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಎರಡು ವರ್ಷದ ದರ ಇಳಿಸಿಕೊಂಡು ಕೂತೆ. ಒಂದು ದಿನ ಚಾಲಿ ದರ ಅರ್ಧಕ್ಕೆ ಇಳಿದಿತ್ತು. ನಾನು ಅದಕ್ಕೆ ಕಾರಣ ಹುಡುಕುತ್ತಾ ಒಂದು ಗಂಟೆ ಕಳೆದೆ. ಅಪ್ಪ ಕವಳ ಹಾಕಿಕೊಂಡು ಹಿಂದಿನಿಂದ ಇಣುಕಿ, "ಅದು ಚಾಲಿ ಅಲ್ಲ, ಕೋಕಾದ ದರ ಇದ್ದ ಹಾಗಿದೆ, ಬರೆದವರು ಸಾಲು ತಪ್ಪಿದ್ದಾರೆ" ಅಂದರು. ಫೀ ವಿಷಯ ಆಮೇಲೆ ಅವರೂ ಎತ್ತಲಿಲ್ಲ. ಸೋಮವಾರ ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ, ನನ್ನ ಕೆಲಸ ಯಾರು ನೋಡುತ್ತಾರೆ ಅಂತ ಕೇಳಿಕೊಂಡು ಬರುತ್ತೇನೆ.