ಮಾರುತಿ 800: ಹೆಡ್ ಕೆಲಸ ಆದ ಮೇಲೆ ಸ್ಟಾರ್ಟ್ ಆಗ್ತಿಲ್ಲ, ಕಾರ್ಬ್ಯುರೇಟರ್‌ನಿಂದ ಪಟ್ ಅಂತ ಹೊಡೆಯುತ್ತೆ

ಆಲ್ದೂರು 800

ಎಲ್ಲರಿಗೂ ನಮಸ್ಕಾರ. ನಾನು ಎಂಜಿನ್ ಬಿಚ್ಚಿದ್ದು ಇದೇ ಮೊದಲು. ಅಪ್ಪನ 1998ರ ಮಾರುತಿ 800, ಕಾರ್ಬ್ಯುರೇಟರ್ ಮಾಡೆಲ್, 796 ಸಿಸಿ, ಮೂರು ಸಿಲಿಂಡರ್. ಅಪ್ಪ ಈಗ ಓಡಿಸಲ್ಲ. ಆದರೂ ದಿನಾ ಬೆಳಿಗ್ಗೆ ಶೆಡ್ಡಿಗೆ ಬಂದು ಗಾಡಿ ನೋಡಿಕೊಂಡು ಹೋಗುತ್ತಾರೆ. ಹಾಗಾಗಿ ಇದನ್ನು ಗುಜರಿಗೆ ಹಾಕೋ ಮಾತೇ ಇಲ್ಲ.

ಏಪ್ರಿಲ್‌ನಲ್ಲಿ ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆ ಹತ್ತುವಾಗ ಬಿಸಿಯಾಗಿ ನಿಂತಿತು. ರೇಡಿಯೇಟರ್‌ನಲ್ಲಿ ಗುಳ್ಳೆ, ಡಿಪ್‌ಸ್ಟಿಕ್ ಮೇಲೆ ಹಾಲು ಹಾಕಿದ ಕಾಫಿ ಬಣ್ಣದ ನೊರೆ. ಎಂಜಿನ್ ಬ್ಲಾಕ್‌ಗೂ ಮೇಲಿನ ಹೆಡ್‌ಗೂ ನಡುವಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿತ್ತು. ಹೆಡ್ ಬಿಚ್ಚಿ, ಬೇಲೂರು ಮೇಲಿಂದ ಹಾಸನಕ್ಕೆ ತಗೊಂಡು ಹೋಗಿ ಲೇಥ್‌ನಲ್ಲಿ ಫೇಸಿಂಗ್ ಮಾಡಿಸಿದೆ. ವಾಲ್ವ್‌ಗಳನ್ನು ನಾನೇ ಪೇಸ್ಟ್ ಹಾಕಿ ಉಜ್ಜಿ ಕೂರಿಸಿದೆ. ಆಯಿಲ್‌ಗೆ ನೀರು ಸೇರಿತ್ತಲ್ಲ, ಅದಕ್ಕೆ ಪಿಸ್ಟನ್ ಕೂಡ ಹೊರಗೆ ತೆಗೆದು ಬೇರಿಂಗ್ ನೋಡಿದೆ. ಹೊಸ ರಿಂಗ್, ಹೊಸ ಗ್ಯಾಸ್ಕೆಟ್ ಸೆಟ್, ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ಹಾಕಿದ್ದೇನೆ. ಹೆಡ್ ಬೋಲ್ಟ್‌ಗಳನ್ನು ನಡುವಿನಿಂದ ಶುರು ಮಾಡಿ, ಮೂರು ಸುತ್ತಿನಲ್ಲಿ ಟಾರ್ಕ್ ರೆಂಚ್‌ನಿಂದ ಬಿಗಿದೆ.

ಈಗ ಸೆಲ್ಫ್ ಹೊಡೆದರೆ ಎಂಜಿನ್ ಚೆನ್ನಾಗಿ ತಿರುಗುತ್ತೆ, ಸ್ಟಾರ್ಟ್ ಆಗಲ್ಲ. ನಾಲ್ಕೈದು ಸುತ್ತಿಗೊಮ್ಮೆ ಕಾರ್ಬ್ಯುರೇಟರ್ ಬಾಯಿಂದ ಪಟ್ ಅಂತ ಸದ್ದು. ಪೆಟ್ರೋಲ್ ಬರ್ತಿದೆ. ಸ್ಪಾರ್ಕ್ ನೀಲಿಯಾಗೇ ಇದೆ. ಕಂಪ್ರೆಷನ್ ಗೇಜ್ ತಂದು ನೋಡಿದೆ, 165, 160, 160 psi ಬಂತು. ಬೆಲ್ಟ್ ಗುರುತುಗಳನ್ನು ಎರಡು ಸಲ ನೋಡಿದ್ದೇನೆ. ಮೂರು ದಿನದಿಂದ ಇಲ್ಲೇ ನಿಂತಿದ್ದೇನೆ, ದಾರಿ ತೋರಿಸಿ.

ಸಕಲೇಶಪುರ ಸವಾರ

ಈ ಮಳೆಗಾಲದಲ್ಲಿ ನಮ್ಮ ಕಡೆ ಅರ್ಧ ಗಾಡಿಗಳು ನಿಲ್ಲೋದು ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚೋ ಭಾಗ) ಕ್ಯಾಪ್ ಒಳಗೆ ಪಸೆ ಕೂತು. ಕ್ಯಾಪ್ ಬಿಚ್ಚಿ ಒಣ ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಹೊತ್ತು ಬಿಸಿ ಜಾಗದಲ್ಲಿಡಿ. ಪ್ಲಗ್ ವೈರ್ ಹಾಕಿದ ಕ್ರಮ ಯಾವುದು? 1-3-2 ಇರಬೇಕು. 1-2-3 ಹಾಕಿದರೆ ಹೀಗೇ ಹೊಡೆಯುತ್ತೆ.

ಆಲ್ದೂರು 800

ಒರೆಸಿ ಒಲೆ ಪಕ್ಕ ಇಟ್ಟು ಒಣಗಿಸಿದೆ ಅಣ್ಣ. ಕ್ರಮ 1-3-2 ಇದೆ. ಏನೂ ಬದಲಾಗಲಿಲ್ಲ.

ಬೇಲೂರು ಗ್ಯಾರೇಜು

ಕಾರ್ಬ್ಯುರೇಟರ್ ಜೆಟ್ ಕಟ್ಟಿರಬಹುದು. ಪೆಟ್ರೋಲ್ ಕಮ್ಮಿಯಾದರೂ ಹಿಂದಕ್ಕೆ ಹೊಡೆಯುತ್ತೆ. ಬಿಚ್ಚಿ ತೊಳೆದು ನೋಡಿ.

ಹಾಸನ ಸ್ಪ್ಯಾನರ್

ತಮ್ಮಾ, ಕಾರ್ಬ್ಯುರೇಟರ್ ಈಗಲೇ ಮುಟ್ಟಬೇಡಿ. ಚೆನ್ನಾಗಿರೋದನ್ನು ಬಿಚ್ಚಿದರೆ ಇನ್ನೊಂದು ಅನುಮಾನ ಸೇರಿಕೊಳ್ಳುತ್ತೆ. ನೀವು ಕಂಪ್ರೆಷನ್ ನೋಡಿದ್ದು ತುಂಬಾ ಒಳ್ಳೆಯದಾಯಿತು, ಅದರಿಂದ ಅರ್ಧ ಕೆಲಸ ಮುಗಿದಿದೆ. ಮೂರರಲ್ಲೂ ಒಂದೇ ಥರ 160 ಮೇಲೆ ಬರ್ತಿದೆ ಅಂದರೆ ರಿಂಗ್, ವಾಲ್ವ್, ಗ್ಯಾಸ್ಕೆಟ್ ಸರಿ ಕೂತಿವೆ. ಬೆಲ್ಟ್ ಕೂಡ ತನ್ನ ಜಾಗದಲ್ಲೇ ಇದೆ. ಪೆಟ್ರೋಲ್ ಇದೆ, ಸ್ಪಾರ್ಕ್ ಇದೆ. ಹಾಗಾದರೆ ಉಳಿಯೋದು ಒಂದೇ: ಸ್ಪಾರ್ಕ್ ಬರೋ ಹೊತ್ತು ತಪ್ಪಿದೆ.

ಈ ಎಂಜಿನ್‌ನಲ್ಲಿ ಡಿಸ್ಟ್ರಿಬ್ಯೂಟರ್ ಹೆಡ್ ತುದಿಯಲ್ಲಿದೆ, ವಾಲ್ವ್ ತೆರೆಯೋ ಕ್ಯಾಮ್‌ಶಾಫ್ಟ್ ಅದನ್ನು ತಿರುಗಿಸುತ್ತೆ. ಹೆಡ್ ಇಳಿಸಿದಾಗ ಅದನ್ನೂ ತೆಗೆದಿರುತ್ತೀರಿ. ವಾಪಸ್ ಹಾಕುವಾಗ ಕೆಳಗಿನ ಕ್ರ್ಯಾಂಕ್ ಗುರುತು ಒಂದನ್ನೇ ನೋಡಿ, ರೋಟರನ್ನು (ಕ್ಯಾಪ್ ಒಳಗೆ ತಿರುಗೋ ತುಂಡು) 1ನೇ ವೈರ್ ಕಡೆ ತಿರುಗಿಸಿ ಕೂರಿಸಿದಿರಾ? ಪಿಸ್ಟನ್‌ಗಳಿಗೆ ಜೋಡಿಸಿರೋ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದೇ ಸುತ್ತು. ಅಂದರೆ 1ನೇ ಪಿಸ್ಟನ್ ಮೇಲೆ ಬಂದು ಆ ಗುರುತು ಸೇರೋದು ಎರಡು ಸಲ. ಒಂದು ಸಲ ಕಂಪ್ರೆಷನ್ ಮುಗಿದಾಗ, ಇನ್ನೊಂದು ಸಲ ಹೊಗೆ ಹೊರಗೆ ಹೋದ ಮೇಲೆ. ಎರಡನೆಯದರಲ್ಲಿ ಕೂರಿಸಿದರೆ ಇನ್‌ಟೇಕ್ ವಾಲ್ವ್ ತೆರೆಯುತ್ತಿರುವಾಗಲೇ ಕಿಡಿ ಬೀಳುತ್ತೆ. ಒಳಗೆ ಬರ್ತಿರೋ ಪೆಟ್ರೋಲ್ ಗಾಳಿ ಮ್ಯಾನಿಫೋಲ್ಡ್‌ನಲ್ಲೇ ಹತ್ತಿಕೊಳ್ಳುತ್ತೆ. ನಿಮಗೆ ಕೇಳಿಸ್ತಿರೋ ಸದ್ದು ಅದೇ.

ಪರೀಕ್ಷೆ ಹೀಗೆ ಮಾಡಿ. ಕೀ ತೆಗೆದು, ಬ್ಯಾಟರಿ ವೈರ್ ಬಿಚ್ಚಿ. ಮೂರೂ ಪ್ಲಗ್ ತೆಗೆಯಿರಿ. 1ನೇ ಪ್ಲಗ್ ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಇನ್ನೊಬ್ಬರಿಗೆ ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗುವ ದಿಕ್ಕಿಗೇ ನಿಧಾನ ತಿರುಗಿಸಲು ಹೇಳಿ. ಗಾಳಿ ಬೆರಳನ್ನು ಜೋರಾಗಿ ಹೊರಗೆ ತಳ್ಳುವಾಗ ಗುರುತಿಗೆ ತಂದು ನಿಲ್ಲಿಸಿ. ಖಾತ್ರಿಗೆ ಟ್ಯಾಪೆಟ್ ಕವರ್ ತೆಗೆದು ನೋಡಿ, 1ನೇ ಸಿಲಿಂಡರ್‌ನ ವಾಲ್ವ್ ಒತ್ತೋ ಎರಡೂ ರಾಕರ್ ಸಡಿಲ ಇರಬೇಕು. ಈಗ ರೋಟರ್ ಎಲ್ಲಿ ನೋಡ್ತಿದೆ ಅಂತ ಬರೆಯಿರಿ. 2 ಮತ್ತು 3ರ ನಡುವಿನ ಖಾಲಿ ಜಾಗ ನೋಡ್ತಿದ್ದರೆ ನಾನು ಹೇಳಿದ್ದೇ ಸರಿ.

ಇನ್ನೊಂದು ಮಾತು. ಏರ್ ಫಿಲ್ಟರ್ ಹಾಕದೆ ಸೆಲ್ಫ್ ಹೊಡೆಯಲೇಬೇಡಿ, ಕಾರ್ಬ್ಯುರೇಟರ್ ಮೇಲೆ ಬಗ್ಗಿ ನೋಡಲೂಬೇಡಿ. ಆ ಪಟ್ ಸದ್ದಿನ ಜೊತೆ ಬೆಂಕಿ ಹೊರಗೆ ಬರುತ್ತೆ.

ಆಲ್ದೂರು 800

ಸಾರ್, ಅಪ್ಪನೇ ಸ್ಪ್ಯಾನರ್ ಹಿಡಿದರು. ಬೆರಳು ತಳ್ಳಿದಾಗ ಗುರುತಿಗೆ ನಿಲ್ಲಿಸಿ ನೋಡಿದರೆ ರೋಟರ್ ಸರಿಯಾಗಿ 2 ಮತ್ತು 3ರ ನಡುವೆ ಇದೆ! ರಾಕರ್ ಎರಡೂ ಸಡಿಲ ಇವೆ.

ಬೇಲೂರು ಗ್ಯಾರೇಜು

ಹಾಗಾದರೆ ಡಿಸ್ಟ್ರಿಬ್ಯೂಟರ್ ಯಾಕೆ ಬಿಚ್ಚಬೇಕು? ನಾನು ಅಂಬಾಸಿಡರ್‌ನಲ್ಲಿ ಪ್ಲಗ್ ವೈರ್‌ಗಳನ್ನೇ ಎದುರು ಬದುರು ಹಾಕಿ ಸರಿ ಮಾಡಿದ್ದೇನೆ.

ಹಾಸನ ಸ್ಪ್ಯಾನರ್

ಅಂಬಾಸಿಡರ್‌ನಲ್ಲಿ ಆಗುತ್ತೆ, ಇಲ್ಲಿ ಆಗಲ್ಲ. ಅದು ನಾಲ್ಕು ಸಿಲಿಂಡರ್. ಕ್ಯಾಪ್‌ನಲ್ಲಿ ಪ್ರತಿ ವೈರಿನ ನೇರ ಎದುರಿಗೆ ಇನ್ನೊಂದು ವೈರ್ ಇರುತ್ತೆ. ಇಲ್ಲಿ ಮೂರೇ ವೈರ್, 120 ಡಿಗ್ರಿಗೆ ಒಂದು. ಯಾವುದರ ಎದುರಿಗೂ ಏನೂ ಇಲ್ಲ. ವೈರ್‌ಗಳನ್ನು ಒಂದು ಮನೆ ಸರಿಸಿದರೆ ಸ್ಪಾರ್ಕ್ ಕ್ರ್ಯಾಂಕ್ ಲೆಕ್ಕದಲ್ಲಿ 240 ಡಿಗ್ರಿ ಸರಿಯುತ್ತೆ, ಎರಡು ಮನೆ ಸರಿಸಿದರೆ 480. ನಮಗೆ ಬೇಕಾದದ್ದು 360. ಯಾವ ಥರ ಹಾಕಿದರೂ ಬರಲ್ಲ. ಡಿಸ್ಟ್ರಿಬ್ಯೂಟರ್ ಎತ್ತಿ ಅರ್ಧ ಸುತ್ತು ತಿರುಗಿಸಲೇಬೇಕು.

ಎಂಜಿನ್ ಈಗ ನಿಂತಿರೋ ಜಾಗ ಕದಲಬಾರದು. ಹಿಡಿದಿರೋ ಬೋಲ್ಟ್ ತೆಗೆದು ಮೆಲ್ಲಗೆ ಎಳೆಯಿರಿ. ಗೇರ್ ಹಲ್ಲು ಓರೆ ಇರೋದರಿಂದ ಹೊರಗೆ ಬರುವಾಗ ರೋಟರ್ ಸ್ವಲ್ಪ ತಿರುಗುತ್ತೆ. ಎಷ್ಟು, ಯಾವ ಕಡೆಗೆ ಅಂತ ಚಾಕ್‌ಪೀಸ್‌ನಲ್ಲಿ ಗುರುತು ಮಾಡಿ. ಹಾಕುವಾಗ ಅಷ್ಟೇ ಅಂತರ ಬಿಟ್ಟು ಒಳಗೆ ಬಿಡಿ, ಕೂತಾಗ ರೋಟರ್ 1ನೇ ವೈರಿಗೆ ನೇರ ನಿಲ್ಲಬೇಕು. ಪ್ಲಗ್‌ಗಳು ಪೆಟ್ರೋಲ್‌ನಲ್ಲಿ ನೆಂದಿರುತ್ತವೆ, ಒಣಗಿಸಿ ಹಾಕಿ.

ಆಲ್ದೂರು 800

ಎರಡನೇ ಸೆಲ್ಫಿಗೇ ಹಿಡಿದುಕೊಂಡಿತು!! ಅಪ್ಪ ಏನೂ ಮಾತಾಡಲಿಲ್ಲ, ಬಾನೆಟ್ ಮೇಲೆ ಕೈಯಿಟ್ಟು ನಿಂತಿದ್ದರು. ಟೈಮಿಂಗ್ ಲೈಟ್ ತರಿಸಿ ಪಕ್ಕಾ ಸೆಟ್ ಮಾಡಿಸುತ್ತೇನೆ.

ಆದರೆ ಹತ್ತು ನಿಮಿಷಕ್ಕೆ ಟೆಂಪರೇಚರ್ ಮುಳ್ಳು ಮೇಲೆ ಹೋಗೋಕೆ ಶುರುವಾಯಿತು. ಫ್ಯಾನ್ ತಿರುಗಲಿಲ್ಲ. ಎಂಜಿನ್ ಕೈಯಿಡೋಕೆ ಆಗದಷ್ಟು ಬಿಸಿ, ರೇಡಿಯೇಟರ್ ಮಾತ್ರ ತಣ್ಣಗಿದೆ. ತಕ್ಷಣ ಆಫ್ ಮಾಡಿದೆ. ಮತ್ತೆ ಗ್ಯಾಸ್ಕೆಟ್ ಹೋಯಿತಾ?

ಹಾಸನ ಸ್ಪ್ಯಾನರ್

ಗಾಬರಿ ಬೇಡ. ಆಫ್ ಮಾಡಿದ್ದು ಸರಿ. ಖಾಲಿ ಎಂಜಿನ್‌ಗೆ ಮೊದಲ ಸಲ ನೀರು ತುಂಬಿದಾಗ ಒಳಗೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತೆ. ಬಿಸಿ ನೀರು ರೇಡಿಯೇಟರ್‌ಗೇ ಬರದಿದ್ದರೆ ಫ್ಯಾನ್ ಹೇಗೆ ತಿರುಗುತ್ತೆ? ಪೂರ್ತಿ ತಣ್ಣಗಾದ ಮೇಲೆ ಗಾಡಿಯ ಮೂತಿ ಮೇಲೆ ಬರುವ ಹಾಗೆ ಇಳಿಜಾರಲ್ಲಿ ನಿಲ್ಲಿಸಿ. ರೇಡಿಯೇಟರ್ ಕ್ಯಾಪ್ ತೆಗೆದು ಕೂಲಂಟ್ ನಿಧಾನ ಸುರಿಯುತ್ತಾ ಮೇಲಿನ ಹೋಸ್ ಹಿಸುಕಿ. ಗುಳ್ಳೆ ನಿಲ್ಲೋ ತನಕ ಬಿಡಬೇಡಿ. ಆಮೇಲೆ ಕ್ಯಾಪ್ ಬಿಟ್ಟೇ ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಓಡಿಸಿ, ಮಟ್ಟ ಇಳಿದಂತೆ ತುಂಬಿಸಿ.

ಆಗಲೂ ಬಿಸಿಯಾದರೆ ಥರ್ಮೋಸ್ಟ್ಯಾಟ್ (ಬಿಸಿಯಾದಾಗ ರೇಡಿಯೇಟರ್‌ಗೆ ನೀರು ಬಿಡೋ ವಾಲ್ವ್) ತೆಗೆದು ಪಾತ್ರೆಯಲ್ಲಿ ಕುದಿಸಿ ನೋಡಿ, ನೀರು ಕುದಿಯೋ ಮೊದಲೇ ತೆರೆಯಬೇಕು. ರೇಡಿಯೇಟರ್ ಕ್ಯಾಪ್ ಹಳೆಯದಾದರೆ ಹೊಸದು ಹಾಕಿ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ತುದಿಯಲ್ಲಿ ಬರಿ ನೀರು 94 ಡಿಗ್ರಿ ಹತ್ತಿರವೇ ಕುದಿಯುತ್ತೆ. ಕ್ಯಾಪ್ ಒತ್ತಡ ಹಿಡಿದಿಟ್ಟರೆ ಮಾತ್ರ ಕುದಿಯದೆ ತಡೆಯುತ್ತೆ. ನಿಮ್ಮ ಕಡೆ ಗಾಡಿಗಳಿಗೆ ಅದು ಸಣ್ಣ ಸಾಮಾನಲ್ಲ. ಏಪ್ರಿಲ್‌ನಲ್ಲಿ ಗಾಡಿ ಬಿಸಿಯಾಗೋಕೂ ಅದೇ ಕಾರಣ ಇರಬಹುದು.

ಆಲ್ದೂರು 800

ಕಾಫಿ ಕಣದ ಏರಿನ ಮೇಲೆ ಮೂತಿ ಹತ್ತಿಸಿ ನಿಲ್ಲಿಸಿದೆ. ಗುಳುಗುಳು ಅಂತ ಗಾಳಿ ಬಂತು, ಮುಕ್ಕಾಲು ಲೀಟರ್ ಹೆಚ್ಚು ಹಿಡಿಯಿತು. ಹಳೇ ಕ್ಯಾಪ್‌ನ ರಬ್ಬರ್ ಸೀಳಿತ್ತು, ಹೊಸದು ಹಾಕಿದೆ. ಈಗ ಅರ್ಧ ಗಂಟೆ ಓಡಿಸಿದೆ. ಮುಳ್ಳು ಮಧ್ಯದಲ್ಲೇ ನಿಂತಿದೆ, ಫ್ಯಾನ್ ಎರಡು ಸಲ ತಿರುಗಿ ನಿಂತಿತು. ಟ್ಯಾಪೆಟ್ ಸ್ವಲ್ಪ ಟಕಟಕ ಅನ್ನುತ್ತೆ, ನಾಳೆ ತಣ್ಣಗಿರುವಾಗ ಗ್ಯಾಪ್ ನೋಡುತ್ತೇನೆ. ಮೊದಲ ಆಯಿಲ್ ಎಷ್ಟು ಕಿಲೋಮೀಟರ್‌ಗೆ ಬದಲಾಯಿಸಲಿ ಸಾರ್?

ಹಾಸನ ಸ್ಪ್ಯಾನರ್

500ಕ್ಕೆ ತೆಗೆದುಬಿಡಿ, ಫಿಲ್ಟರ್ ಸಮೇತ. ನೊರೆಯ ಪಸೆ ಇನ್ನೂ ಒಳಗೆ ಇದ್ದೇ ಇರುತ್ತೆ. ಅಲ್ಲಿವರೆಗೆ ಮುಳ್ಳಯ್ಯನಗಿರಿ ಬೇಡ, ಆಲ್ದೂರು–ಚಿಕ್ಕಮಗಳೂರು ರಸ್ತೆ ಸಾಕು.