ಅತ್ತೆ ಕೊಲೆ ಕತೆ ಓದಿ ನಗುತ್ತಾರೆ, ಮುಂದೆ ಏನು ಕೊಡಲಿ?

ಕೇಳಿದವರು, ಹಾಸನ

ನಮ್ಮ ಅತ್ತೆಗೆ 72. ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ ಆಗಿದ್ದವರು. ಟೀವಿಯಲ್ಲಿ ಕ್ರೈಂ ಕಾರ್ಯಕ್ರಮ ಬಂದರೆ ರಿಮೋಟ್ ಕಿತ್ತುಕೊಂಡು ಚಾನೆಲ್ ಬದಲಾಯಿಸುತ್ತಾರೆ. ಕೋಳಿ ಅಂಗಡಿ ಮುಂದೆ ಹಾದು ಹೋಗುವಾಗಲೂ ಮುಖ ಆ ಕಡೆಗೆ. ಅಂಥವರು ಹೋದ ತಿಂಗಳು ನನ್ನ ಬ್ಯಾಗಿನಲ್ಲಿದ್ದ ಪುಸ್ತಕ ತೆಗೆದು ಎರಡೇ ದಿನಕ್ಕೆ ಮುಗಿಸಿದರು. ಎಂ. ಸಿ. ಬೀಟನ್ ಬರೆದ ಅಗಾಥಾ ರೈಸಿನ್ ಸರಣಿಯ ಮೊದಲನೆಯದು, 1992ರದು.

ಓದದವರಿಗೆ ಚುಟುಕಾಗಿ ಹೇಳುತ್ತೇನೆ. ಲಂಡನ್ನಿನಲ್ಲಿ ದುಡಿದು ದುಡ್ಡು ಮಾಡಿದ ಹೆಂಗಸು ಕಾಟ್ಸ್‌ವೋಲ್ಡ್ಸ್ ಕಡೆಯ ಹಳ್ಳಿಗೆ ಬಂದು ಮನೆ ಮಾಡುತ್ತಾಳೆ. ಯಾರೂ ಮಾತಾಡಿಸುವುದಿಲ್ಲ. ಊರವರ ಬಾಯಲ್ಲಿ ಭೇಷ್ ಅನ್ನಿಸಿಕೊಳ್ಳೋಣ ಅಂತ ಅಡುಗೆ ಸ್ಪರ್ಧೆಗೆ ಹೆಸರು ಕೊಡುತ್ತಾಳೆ. ಅಡುಗೆ ಬರುವುದಿಲ್ಲ! ಲಂಡನ್ನಿನ ಅಂಗಡಿಯಿಂದ ಪಾಲಕ್ ಕೀಶ್ ತಂದು (ಮೊಟ್ಟೆ, ಕೆನೆ ತುಂಬಿ ಓವನ್ನಿನಲ್ಲಿ ಬೇಯಿಸುವ ತಿಂಡಿ) ತಾನೇ ಮಾಡಿದ್ದು ಅಂತ ಇಡುತ್ತಾಳೆ. ತೀರ್ಪು ಕೊಟ್ಟವನು ಅದನ್ನು ತಿಂದು ಸಾಯುತ್ತಾನೆ. ಕೊಲೆಗಾತಿ ಅಂತ ಅನ್ನಿಸಿಕೊಳ್ಳಬಾರದು ಅಂದರೆ ಅಂಗಡಿಯಿಂದ ತಂದದ್ದು ಅಂತ ಒಪ್ಪಿಕೊಳ್ಳಬೇಕು. ಅವಳಿಗೆ ಯಾವುದು ಹೆಚ್ಚು ನಾಚಿಕೆಯದು ಅಂತ ನೋಡಿ. ಅತ್ತೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

ಎರಡು ಪ್ರಶ್ನೆ. ಹೆಣ ಬಿದ್ದ ಕತೆಯಲ್ಲಿ ನಗು ಹೇಗೆ ಬರುತ್ತದೆ? ಮತ್ತು ಮುಂದೆ ಯಾವುದು ಕೊಡಲಿ? ನಿಮ್ಮ ಮನೆಗಳಲ್ಲೂ ಇಂಥವರು ಇದ್ದರೆ ಹೇಳಿ.

ಮೈಸೂರಿನಿಂದ

ಮೊದಲ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ಉದ್ದ. ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಜ್ಜಿ ತೀರ್ಥಹಳ್ಳಿ ಹತ್ತಿರದವರು. ಮಧ್ಯಾಹ್ನ ಊಟ ಆದ ಮೇಲೆ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಾ ಬೀದಿ ನೋಡುವುದು ಅವರ ಕೆಲಸ. ಯಾರ ಮನೆಗೆ ಯಾರು ಬಂದರು, ಬರುವಾಗ ಇದ್ದ ಚೀಲ ಹೋಗುವಾಗ ಕೈಯಲ್ಲಿ ಇತ್ತೋ ಇಲ್ಲವೋ, ಎಲ್ಲ ಲೆಕ್ಕ. ಮನೆಯಲ್ಲಿ ಎಲ್ಲರೂ ಬೈಯುವವರೇ. "ಊರ ಉಸಾಬರಿ ನಿಂಗ್ಯಾಕೆ?" ಅಂತ ನಮ್ಮಪ್ಪನೂ, ಚಿಕ್ಕಪ್ಪನೂ ದಿನಾ ಹೇಳುತ್ತಿದ್ದರು. ಆದರೆ ಮನೆಯ ಹಸು ಕಳೆದರೆ, ಸಾಲ ಕೇಳಲು ಬಂದವನು ಎಂಥವನು ಅಂತ ತಿಳಿಯಬೇಕಾದರೆ, ಹೋಗುತ್ತಿದ್ದದ್ದು ಅಜ್ಜಿ ಹತ್ತಿರವೇ.

ಕಾಲೇಜಿನಲ್ಲಿ ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಓದಿದಾಗ ನನಗೆ ಅನ್ನಿಸಿದ್ದು, ಅಯ್ಯೋ, ಇದು ನಮ್ಮಜ್ಜಿಯಲ್ವಾ! ಸೇಂಟ್ ಮೇರಿ ಮೀಡ್ ಅನ್ನೋ ಹಳ್ಳಿ. ಮದುವೆಯಾಗದ ಮುದುಕಿ. ಕೈಯಲ್ಲಿ ಹೆಣಿಗೆ. ಗಿಡಕ್ಕೆ ಕೈ ಹಾಕಿಕೊಂಡು ನಿಂತರೆ ಬೀದಿ ನೋಡುತ್ತಿದ್ದಾಳೆ ಅಂತ ಯಾರೂ ಅನ್ನುವುದಿಲ್ಲ. ಹಕ್ಕಿ ನೋಡುವ ದುರ್ಬೀನೂ ಇದೆ, ಅದು ಹಕ್ಕಿಯ ಕಡೆಗೇ ಇರಬೇಕು ಅಂತೇನಿಲ್ಲ. ಹೊಸಬರನ್ನು ಕಂಡ ಕೂಡಲೇ ಊರಿನ ಯಾರನ್ನೋ ನೆನೆಯುತ್ತಾಳೆ. ಇವನು ನಮ್ಮ ಮೀನಿನಂಗಡಿ ಹುಡುಗನ ಥರ, ಅವಳು ಹಿಂದೆ ನಮ್ಮಲ್ಲಿದ್ದ ಕೆಲಸದ ಹುಡುಗಿ ಥರ. ಪೊಲೀಸರಿಗೆ ಇದು ಹರಟೆ. ಕೊನೆಗೆ ಕೊಲೆಗಾರ ಸಿಗುವುದು ಆ ಹರಟೆಯಿಂದಲೇ.

ನನ್ನ ಮಟ್ಟಿಗೆ ಈ ಬಗೆಯ ಕತೆಗಳೆಲ್ಲದರ ರುಚಿ ಇಲ್ಲಿದೆ. ಜನ್ಮವಿಡೀ ಬೈಸಿಕೊಂಡ ಒಂದು ಗುಣಕ್ಕೆ ಇಲ್ಲಿ ಮರ್ಯಾದೆ ಸಿಗುತ್ತದೆ. 72 ವರ್ಷದ ರಿಟೈರ್ಡ್ ಮೇಡಂ ಮಾತನ್ನು ಮನೆಯಲ್ಲಿ ಎಷ್ಟು ಜನ ಪೂರ್ತಿ ಕೇಳುತ್ತಾರೆ? ಇಲ್ಲಿ ಇನ್‌ಸ್ಪೆಕ್ಟರ್ ಬಂದು ಎದುರು ಕೂತು ಟೀ ಕುಡಿಯುತ್ತಾ ಕೇಳುತ್ತಾನೆ. ನಿಮ್ಮನ್ನು ಚುಚ್ಚಲು ಹೇಳಿದ್ದಲ್ಲ ತಂಗಿ, ನಾನೂ ನಮ್ಮಜ್ಜಿ ಮಾತು ಪೂರ್ತಿ ಕೇಳಿದವನಲ್ಲ.

ಇನ್ನು ಹೆಣದ ವಿಷಯ. ಸಾಯುವವನು ಸಾಮಾನ್ಯವಾಗಿ ಊರಿಗೇ ಬೇಡವಾದವನು. ಮಾರ್ಪಲ್ಲಿನ ಮೊದಲ ಕಾದಂಬರಿ 1930ರದು, ಚರ್ಚಿನ ಪಾದ್ರಿಯ ಮನೆಯಲ್ಲಿ ಕೊಲೆ ಆಗುವ ಕತೆ. ಕತೆ ಹೇಳುವವನೂ ಆ ಪಾದ್ರಿಯೇ. ಊಟಕ್ಕೆ ಕೂತು ಮಾಂಸ ಕೊಯ್ಯುತ್ತಾ, ಆ ಕರ್ನಲ್ಲನ್ನು ಯಾರಾದರೂ ಮುಗಿಸಿದರೆ ಲೋಕಕ್ಕೆ ಉಪಕಾರ ಅಂತ ಬಾಯಿತಪ್ಪಿ ಅನ್ನುತ್ತಾನೆ. ಪಾದ್ರಿ ಆಡುವ ಮಾತಾ ಅದು! ಆಮೇಲೆ ಕರ್ನಲ್ಲು ಹೆಣವಾಗಿ ಸಿಗುವುದು ಪಾದ್ರಿಯ ಓದುವ ಕೋಣೆಯಲ್ಲೇ. ಅಳುವವರು ಯಾರೂ ಇಲ್ಲ. ಅಳುವವರಿಲ್ಲದ್ದರಿಂದ ನಾವೂ ನಗಬಹುದು.

ಅತ್ತೆಗೆ ಇದನ್ನೇ ಕೊಡಿ. ಪಾದ್ರಿಯ ಹೆಂಡತಿಗೆ ಮನೆವಾರ್ತೆ ಒಂಚೂರೂ ಬರುವುದಿಲ್ಲ, ಅವಳ ಮನೆಯ ಅಡುಗೆಯ ವರ್ಣನೆಗೇ ಪುಸ್ತಕ ತೆಗೆದುಕೊಳ್ಳಬಹುದು. ಮಾರ್ಪಲ್ ಕಾದಂಬರಿ ಒಟ್ಟು 12. ಒಂದು ವರ್ಷ ಚಿಂತೆ ಇಲ್ಲ.

ಊರ ಹೆಸರು ಬೇಡ, ಉತ್ತರ ಕರ್ನಾಟಕದ ಒಂದು ತಾಲ್ಲೂಕು

ನನಗೆ ಇವು ಹಿಡಿಸುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಓಣಿಯಲ್ಲಿ ಒಂದು ಕೊಲೆ ಆಯಿತು. ಹೊಲದ ಜಗಳ. ಸತ್ತವರೂ ಗೊತ್ತು, ಹೊಡೆದವರೂ ಗೊತ್ತು, ಎರಡೂ ಮನೆಯ ಹುಡುಗರು ನನ್ನ ಜೊತೆ ಓದುವವರು. ಪತ್ತೆ ಮಾಡುವುದು ಏನೂ ಇರಲಿಲ್ಲ. ಆದರೆ ಓಣಿ ಮೊದಲಿನ ಹಾಗೆ ಆಗಲೇ ಇಲ್ಲ. ಒಂದು ಬಾವಿಗೆ ಎರಡೂ ಮನೆಯವರು ಬರುವ ಹೊತ್ತು ಬೇರೆ ಬೇರೆ ಆಯಿತು. ಕತೆಯಲ್ಲಿ ಕೊನೆಯ ಪುಟಕ್ಕೆ ಎಲ್ಲರೂ ಚಹಾ ಕುಡಿಯುತ್ತಾರಲ್ಲ, ಅಲ್ಲಿ ನನಗೆ ಸಿಟ್ಟು ಬರುತ್ತದೆ. ನಿಮ್ಮ ಅತ್ತೆಯವರಿಗೆ ಬೇಡ ಅನ್ನುತ್ತಿಲ್ಲ. ಎಲ್ಲರಿಗೂ ಇದು ಹಗುರ ಅನ್ನಿಸುವುದಿಲ್ಲ, ಅಷ್ಟೇ.

ಮೈಸೂರಿನಿಂದ, ಮತ್ತೆ

ಸರ್, ನೀವು ಹೇಳಿದ್ದು ನಿಜ. ವಾದ ಮಾಡುವುದಿಲ್ಲ. ಒಂದೇ ಮಾತು. ಕ್ರಿಸ್ಟಿಯ ಕತೆಗಳು ಜನಪ್ರಿಯ ಆದದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ. ಆ ಊರುಗಳಲ್ಲಿ ಮನೆಮನೆಯ ಹುಡುಗರು ಸತ್ತಿದ್ದರು, ಯಾಕೆ ಅಂತ ಕೇಳಿದರೆ ಉತ್ತರ ಇರಲಿಲ್ಲ. ಒಂದೇ ಒಂದು ಸಾವು, ಅದಕ್ಕೊಂದು ಕಾರಣ, ಕೊನೆಗೆ ಒಬ್ಬ ತಪ್ಪಿತಸ್ಥ. ಇಷ್ಟು ಸಿಕ್ಕರೂ ಅವರಿಗೆ ಸಮಾಧಾನ ಆಗಿರಬೇಕು. ಕ್ರಿಸ್ಟಿ ಯುದ್ಧದ ಹೊತ್ತಿನಲ್ಲಿ ತನ್ನೂರು ಟಾರ್ಕಿಯ ಆಸ್ಪತ್ರೆಯಲ್ಲಿ ಗಾಯಾಳುಗಳನ್ನು ನೋಡಿಕೊಂಡವಳು, ಆಮೇಲೆ ಔಷಧ ಕೊಡುವ ವಿಭಾಗಕ್ಕೆ ಹೋದಳು. ವಿಷದ ವಿದ್ಯೆ ಕಲಿತದ್ದು ಅಲ್ಲಿ. ರಕ್ತ ನೋಡಿದವಳೇ ರಕ್ತ ಬರೆಯಲಿಲ್ಲ.

ಬೆಂಗಳೂರಿನಿಂದ

ನಮ್ಮ ಯಜಮಾನರು ಪೊಲೀಸ್ ಇಲಾಖೆಯಲ್ಲಿದ್ದವರು. ಹನ್ನೊಂದು ಟ್ರಾನ್ಸ್‌ಫರ್. ಮಕ್ಕಳ ಟೀಸಿ ತೆಗೆಸಿ ತೆಗೆಸಿ ನನ್ನ ಕೈ ಸವೆದಿತ್ತು. ಹಾಗಾಗಿ ನಾನು ಹೇಳುವುದು ಅದೇ ಬೀಟನ್ ಬರೆದ ಇನ್ನೊಂದು ಸರಣಿ, ಹ್ಯಾಮಿಶ್ ಮ್ಯಾಕ್‌ಬೆತ್. 1985ರಲ್ಲಿ ಶುರುವಾದದ್ದು. ಸ್ಕಾಟ್ಲೆಂಡಿನ ಬೆಟ್ಟದ ಕಡೆ ಲಾಕ್‌ಡೂ ಅಂತ ಒಂದು ಊರು. ಅಲ್ಲಿ ಇವನೊಬ್ಬ ಪೇದೆ. ಕೋಳಿ ಸಾಕಿಕೊಂಡು, ಕದ್ದು ಮೀನು ಹಿಡಿದುಕೊಂಡು, ಯಾರ ಮನೆಯಲ್ಲಿ ಕಾಫಿ ಸಿಗುತ್ತದೆ ಅಂತ ಸುತ್ತಿಕೊಂಡು ಆರಾಮಾಗಿದ್ದಾನೆ. ಅವನಿಗೆ ಇರುವ ಒಂದೇ ಭಯ ಪ್ರಮೋಷನ್. ಪ್ರಮೋಷನ್ ಬಂದರೆ ಊರು ಬಿಡಬೇಕಲ್ಲ! ಅದಕ್ಕೆ ತಾನೇ ಪತ್ತೆ ಮಾಡಿದ ಕೊಲೆಯ ಹೆಸರನ್ನು ಮೇಲಿನವನಿಗೆ ಬಿಟ್ಟುಕೊಡುತ್ತಾನೆ. ಆ ಬ್ಲೇರ್ ಅನ್ನೋ ಬೊಬ್ಬೆ ಹಾಕುವ ಮೇಲಧಿಕಾರಿಯನ್ನು ಓದುವಾಗ ಯಜಮಾನರು, "ಇಂಥವನ ಕೈಕೆಳಗೆ ನಾನೂ ಮೂರು ವರ್ಷ ಇದ್ದೆ" ಅಂದರು. ಹೆಸರು ಹೇಳಲಿಲ್ಲ.

ಮೊದಲ ಪುಸ್ತಕದಲ್ಲಿ ಸಾಯುವವಳು ಎಲ್ಲರ ಗುಟ್ಟು ಬಯಲು ಮಾಡುವ ಪತ್ರಿಕೆಯ ಅಂಕಣಕಾರ್ತಿ. ಮೈಸೂರಿನವರು ಹೇಳಿದ್ದಕ್ಕೆ ಇದನ್ನೂ ಸೇರಿಸಿಕೊಳ್ಳಿ. ಊರಿನ ಹರಟೆ ಪತ್ತೆಗೂ ಆಗುತ್ತದೆ, ಪ್ರಾಣಕ್ಕೂ ಬರುತ್ತದೆ.

ಒಂದು ಮಾತು, ಈ ಸರಣಿಗಳಲ್ಲಿ ಮುಂದೆ ಮುಂದೆ ಹೋದ ಹಾಗೆ ಸಪ್ಪೆ ಆಗುತ್ತದೆ. ಮೊದಲ ಏಳೆಂಟು ಓದಿಸಿ ಸಾಕು.

ಇಂಗ್ಲೆಂಡಿನ ಲೆಸ್ಟರ್‌ನಿಂದ, ಊರು ದಾವಣಗೆರೆ

ನಾನು ಇಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಬಂದು ನಿದ್ದೆ ಬಾರದೆ ಒದ್ದಾಡುತ್ತಿದ್ದ ಕೋವಿಡ್ ದಿನಗಳಲ್ಲಿ ನನ್ನನ್ನು ಉಳಿಸಿದ್ದು ಇವೇ. ವಾರ್ಡಿನಲ್ಲಿ ದಿನಾ ಸಾವು ನೋಡಿ ಮನೆಗೆ ಬಂದು ಕೊಲೆ ಕತೆ ಯಾಕೆ ಓದುತ್ತೀಯ ಅಂತ ಅಮ್ಮ ಫೋನಿನಲ್ಲಿ ಕೇಳುತ್ತಿದ್ದಳು. ವಾರ್ಡಿನಲ್ಲಿ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಅಂತ ಗೊತ್ತಾಗುತ್ತಿರಲಿಲ್ಲ ಕಣಮ್ಮ, ಇಲ್ಲಿ ಗೊತ್ತಾಗುತ್ತೆ ಅಂದೆ.

ಇಲ್ಲಿನ ಹಳ್ಳಿಗಳಿಗೆ ಹೋದರೆ ನಗು ಎಲ್ಲಿಂದ ಬಂತು ಅಂತ ತಿಳಿಯುತ್ತದೆ. ಒಂದು ಹಳ್ಳಿಯ ಜಾತ್ರೆಯಂಥ ಬೇಸಿಗೆ ಮೇಳಕ್ಕೆ ಗೆಳತಿ ಜೊತೆ ಹೋಗಿದ್ದೆ. ಕೇಕಿನ ಮೇಜಿನ ಎದುರು ಇಬ್ಬರು ಅಜ್ಜಿಯರು. ಒಬ್ಬರು ಇನ್ನೊಬ್ಬರ ಕೇಕಿಗೆ "ತುಂಬಾ ಧೈರ್ಯದ ಪ್ರಯತ್ನ" ಅಂದರು. ಬೈಗುಳ ಅದು! ಇನ್ನೊಬ್ಬರು ನಗುತ್ತಲೇ ಥ್ಯಾಂಕ್ಸ್ ಹೇಳಿದರು. ಆ ನಗು ನೋಡಿ ನಾನು ಗೆಳತಿಗೆ ಮೆಲ್ಲಗೆ, ಇವತ್ತು ರಾತ್ರಿ ಒಂದು ಹೆಣ ಬೀಳುತ್ತೆ ಅಂದೆ. ನಮ್ಮಲ್ಲಿ ಜಗಳ ಬೀದಿಗೆ ಬಂದು ಆಡಿ ಮುಗಿದುಹೋಗುತ್ತದೆ. ಇಲ್ಲಿ ಬಾಯಿ ಬಿಡುವುದಿಲ್ಲ, ಒಳಗೇ ಇಟ್ಟುಕೊಳ್ಳುತ್ತಾರೆ. ಈ ಮರ್ಯಾದೆಗೂ ಆ ಮತ್ಸರಕ್ಕೂ ನಡುವಿನ ಸಂದಿಯಲ್ಲೇ ಈ ಲೇಖಕರ ಬೇಸಾಯ.

ಟೀವಿ ಬೇಕಾದರೆ ಮಿಡ್‌ಸೋಮರ್ ಮರ್ಡರ್ಸ್ ಇದೆ, 1997ರಿಂದ ನಡೆಯುತ್ತಿದೆ. ಅಷ್ಟು ಚಂದದ ಹಳ್ಳಿಗಳಲ್ಲಿ ಅಷ್ಟು ಕೊಲೆ! ಒಂದು ಕಂತಿನಲ್ಲಿ ಒಬ್ಬಳು ಚೀಸಿನ ದೊಡ್ಡ ಗಾಲಿ ಕೆಳಗೆ ಸಿಕ್ಕಿ ಸಾಯುತ್ತಾಳೆ. ಆದರೆ ಅಲ್ಲಲ್ಲಿ ರಕ್ತ ತೋರಿಸುತ್ತಾರೆ, ಅತ್ತೆಯವರಿಗೆ ಬೇಡ. ಅಮೆರಿಕದ್ದು ಬೇಕಾದರೆ ಮರ್ಡರ್ ಶಿ ರೋಟ್, 1984ರಿಂದ 1996ರವರೆಗೆ 264 ಕಂತು. ಅದರ ನಾಯಕಿಯೂ ಇಂಗ್ಲಿಷ್ ಮೇಡಂ ಆಗಿದ್ದವಳೇ, ಗಂಡ ಸತ್ತ ಮೇಲೆ ಕತೆ ಬರೆಯಲು ಶುರು ಮಾಡಿದವಳು. ಅದು ನಿಮ್ಮತ್ತೆಗೆ ಖಂಡಿತ ಹಿಡಿಸುತ್ತದೆ.

ರಿಚರ್ಡ್ ಆಸ್ಮನ್ ಬರೆದ ದಿ ಥರ್ಸ್‌ಡೇ ಮರ್ಡರ್ ಕ್ಲಬ್ ಎಲ್ಲರೂ ಹೇಳುತ್ತಾರೆ. 2020ರಲ್ಲಿ ಬಂತು, 2025ರಲ್ಲಿ ಸಿನಿಮಾ ಕೂಡ ಆಯಿತು. ವಯಸ್ಸಾದವರ ವಸತಿಯಲ್ಲಿ ನಾಲ್ವರು ಸೇರಿ ಗುರುವಾರ ಗುರುವಾರ ಹಳೆಯ ಕೊಲೆಗಳನ್ನು ಬಿಡಿಸುತ್ತಾರೆ. ಹಿಂದೆ ಬೇಹುಗಾರಿಕೆ ಮಾಡಿದವಳು ಒಬ್ಬಳು, ನರ್ಸ್ ಒಬ್ಬಳು, ಕಾರ್ಮಿಕ ಮುಖಂಡ, ಮನೋವೈದ್ಯ. ನರ್ಸ್ ಜಾಯ್ಸ್ ಬರೆಯುವ ದಿನಚರಿ ಓದಿ ನಾನು ಬಸ್ಸಿನಲ್ಲಿ ಗಟ್ಟಿಯಾಗಿ ನಕ್ಕಿದ್ದೇನೆ. ಆದರೆ ಹುಷಾರು. ಅವರಲ್ಲಿ ಒಬ್ಬಳ ಗಂಡನಿಗೆ ಮರೆವಿನ ಕಾಯಿಲೆ, ಅವನ ಭಾಗಗಳು ಎದೆ ಹಿಂಡುತ್ತವೆ. ಮನೆಯಲ್ಲಿ ಅಂಥ ಕಾಯಿಲೆ ಯಾರಿಗಾದರೂ ಇದ್ದರೆ, ಅಥವಾ ಇತ್ತೀಚೆಗೆ ಯಾರನ್ನಾದರೂ ಕಳೆದುಕೊಂಡಿದ್ದರೆ, ಮೊದಲು ನೀವು ಓದಿ ಆಮೇಲೆ ಕೊಡಿ.

ಚಿಕ್ಕಮಗಳೂರಿನಿಂದ

ಎಲ್ಲ ಇಂಗ್ಲೆಂಡೇ ಆಯಿತಲ್ಲ. ಕನ್ನಡದಲ್ಲಿ ಇಲ್ವಾ?

ತೇಜಸ್ವಿಯವರ ಚಿದಂಬರ ರಹಸ್ಯ ಇದೆಯಲ್ಲ ಮಾರಾಯ್ರೆ. 1985ರದು, 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೆಸರೂರು ಅನ್ನೋ ಮಲೆನಾಡಿನ ಊರು, ಏಲಕ್ಕಿ, ಒಬ್ಬ ವಿಜ್ಞಾನಿಯ ಸಾವು, ಪತ್ತೆಗೆ ಬರುವ ಅಂಗಡಿ ಅನ್ನೋ ಹೆಸರಿನ ಅಧಿಕಾರಿ. ಪತ್ತೆಗಿಂತ ಊರಿನ ಪುಕಾರುಗಳೇ ಜಾಸ್ತಿ. ನಾನು ಓದಿದ ಪ್ರತಿ ಸಲವೂ ನಕ್ಕಿದ್ದೇನೆ. ಆದರೆ ಇದನ್ನು ಮಾರ್ಪಲ್ ಪಕ್ಕ ಇಟ್ಟು ಮಾರಬೇಡಿ. ಅಲ್ಲಿ ಕೊನೆಗೆ ಎಲ್ಲ ಸರಿಹೋಗುತ್ತದೆ, ತೇಜಸ್ವಿ ಆ ಸಮಾಧಾನ ಕೊಡುವುದಿಲ್ಲ. ಮೇಲೆ ಓಣಿಯ ಕತೆ ಹೇಳಿದ ಸರ್‌ಗೆ ಬಹುಶಃ ಇದು ಹಿಡಿಸಬಹುದು.

ಮಂಗಳೂರಿನಿಂದ

ಒಂದೇ ಸಲಹೆ. ಲೈಬ್ರರಿಯಿಂದ ತಂದರೆ ಮೊದಲು ನೀವೇ ಪುಟ ತಿರುವಿ ನೋಡಿ. ನಾನು ತಂದ ಒಂದು ಕ್ರಿಸ್ಟಿಯ ನಾಲ್ಕನೇ ಪುಟದಲ್ಲಿ ಯಾರೋ ಪುಣ್ಯಾತ್ಮರು ಒಂದು ಹೆಸರಿಗೆ ಸುತ್ತು ಹಾಕಿ "ಇವನೇ" ಅಂತ ಪೆನ್ಸಿಲಿನಲ್ಲಿ ಬರೆದಿದ್ದರು. ಉರಿದುಹೋಯಿತು. ಮುನ್ನೂರು ಪುಟ ಓದಿದೆ. ಅವನಲ್ಲ!

ಕೇಳಿದವರು, ಹಾಸನ, ಮೂರು ವಾರ ಆದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಓಣಿಯ ಕತೆ ಹೇಳಿದ ಸರ್, ನಿಮ್ಮದನ್ನು ಅತ್ತೆಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಬಾವಿ ಈಗಲೂ ಇದೆಯಾ ಕೇಳು" ಅಂದರು.

ಪಾದ್ರಿ ಮನೆಯದು ನಾಲ್ಕು ದಿನದಲ್ಲಿ ಮುಗಿಯಿತು. ನಡುವೆ ಪೆನ್ಸಿಲ್ ಹಿಡಿದು ಯಾರು ಎಷ್ಟು ಗಂಟೆಗೆ ಎಲ್ಲಿದ್ದರು ಅಂತ ಹಳೇ ಡೈರಿಯಲ್ಲಿ ಪಟ್ಟಿ ಮಾಡಿದ್ದರು. ಕೊಲೆಗಾರನ ವಿಷಯದಲ್ಲಿ ಅರ್ಧ ಸರಿ ಊಹಿಸಿದರು. ಇನ್ನರ್ಧಕ್ಕೆ ಲೇಖಕಿ ಮೋಸ ಮಾಡಿದಳು ಅಂತ ವಾದ. ಈಗ ಹ್ಯಾಮಿಶ್ ಓದುತ್ತಿದ್ದಾರೆ. ಅವನಿಗೆ ಬೇಗ ಒಂದು ಮದುವೆ ಆಗಬೇಕಂತೆ.

ಇನ್ನೊಂದು ಸಂಗತಿ. ಹಿತ್ತಲಲ್ಲಿದ್ದ ಗುಲಾಬಿ ಕುಂಡಗಳನ್ನೆಲ್ಲ ಹೋದ ವಾರ ಮುಂದಿನ ಗೇಟಿನ ಹತ್ತಿರ ಇಡಿಸಿದ್ದಾರೆ. ಬಿಸಿಲು ಚೆನ್ನಾಗಿ ಬೀಳುತ್ತದೆ ಅಂತ ಕಾರಣ. ನಿನ್ನೆ ಸಂಜೆ ನೀರು ಹಾಕುತ್ತಾ ನಿಂತವರು ನನ್ನನ್ನು ಕರೆದು, ಎದುರು ಮನೆಯವರು ಮೂರು ದಿನದಿಂದ ಕಾಣುತ್ತಿಲ್ಲ, ಯಾಕೆ ಅಂತ ಕೇಳಿದರು. ತಿರುಪತಿಗೆ ಹೋಗಿದ್ದಾರೆ ಅತ್ತೆ, ನನಗೆ ಹೇಳಿಯೇ ಹೋದರು ಅಂದೆ.

ಅತ್ತೆ ಪೈಪು ಕೆಳಗಿಟ್ಟರು. ದನಿ ತಗ್ಗಿಸಿ, "ತಿರುಪತಿಗೆ ಹೋದವರು ನಾಯೀನೂ ಕರ್ಕೊಂಡು ಹೋಗ್ತಾರೇನೇ?" ಅಂದರು.