ಭಾನುವಾರದ ಕನ್ನಡ ಕ್ಲಾಸಿಗೆ ಆಟ ಬೇಕು, ಅನುಭವ ಹೇಳಿ

ಡೊಂಬಿವಲಿಯಿಂದ:
ನಮ್ಮ ಸೊಸೈಟಿ ಹಾಲ್‌ನಲ್ಲಿ ಭಾನುವಾರ ಹನ್ನೆರಡು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಎಂಟು, ಹತ್ತು ವರ್ಷದವರು. ಮಾತು ಚೆನ್ನಾಗಿದೆ, ಬರೆಯಲು ಕೂತರೆ ತಪ್ಪೋ ತಪ್ಪು. ಉಕ್ತಲೇಖನ ಅಂದರೆ ಮುಖ ಸಣ್ಣಗಾಗುತ್ತದೆ. ಪದವೂ ಕಾಗುಣಿತವೂ ಗಟ್ಟಿಯಾಗುವ ಆಟ ಯಾರಾದರೂ ಆಡಿಸಿದ್ದೀರಾ?

ಮುಲುಂಡ್‌ನಿಂದ:
ಮೇಡಂ, ಮೊದಲು ಮಕ್ಕಳು ಎಲ್ಲಿ ತಪ್ಪುತ್ತಾರೆ ಅಂತ ನೋಡಿ. ಶಾಲೆಯಲ್ಲಿ ಅವರು ಬರೆಯುವುದು ಮರಾಠಿ, ಹಿಂದಿ. ಅಲ್ಲಿ ಎ-ಏ, ಒ-ಓ ಅಂತ ಎರಡೆರಡು ಅಕ್ಷರ ಇಲ್ಲ. ಅದಕ್ಕೇ 'ಕೆರೆ' ಅಂದರೆ 'ಕೇರೆ' ಬರೆಯುತ್ತಾರೆ.

ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಮನೆ ಬರೆಯುತ್ತೇನೆ. ಹತ್ತಿರದ್ದು ಗಿಡ್ಡ ಸ್ವರಕ್ಕೆ, ದೂರದ್ದು ಉದ್ದ ಸ್ವರಕ್ಕೆ. ಬೆರೆ-ಬೇರೆ, ಕೊಡು-ಕೋಡು, ತೆರು-ತೇರು, ಹೀಗೆ ಒಂದೊಂದೇ ಪದ ಕೂಗುತ್ತೇನೆ. ಸರಿಯಾದ ಮನೆಗೆ ಹಾರಬೇಕು, ಅಲ್ಲೇ ಕೂತು ಆ ಪದ ಬರೆಯಬೇಕು, ಅರ್ಥ ಹೇಳಬೇಕು. ಬರೆಸುವುದನ್ನು ಬಿಡಬೇಡಿ. ಮೊದಲ ತಿಂಗಳು ನಾನು ಸುಮ್ನೆ ಹಾರಿಸಿದೆ. ಕಿವಿ ಪಳಗಿತು, ಕೈ ಪಳಗಲಿಲ್ಲ. ಈಗ ಒಬ್ಬಳು ಹುಡುಗಿ ಹಾರುವ ಮೊದಲು ಕಣ್ಣು ಮುಚ್ಚಿ 'ತೆ... ತೇ...' ಅಂತ ತುಟಿಯಲ್ಲೇ ಅಳೆದು ನೋಡುತ್ತಾಳೆ. ಅದನ್ನು ನೋಡುವುದೇ ನನಗೆ ಖುಷಿ.

ಥಾಣೆಯಿಂದ:
ಒತ್ತಕ್ಷರಕ್ಕೆ ನಮ್ಮದು ಲೋಕಲ್ ಗಾಡಿ ಆಟ. ಮುಂಬೈ ಲೋಕಲ್‌ನ ಸೆಂಟ್ರಲ್ ಲೈನ್ ಸ್ಟೇಷನ್‌ಗಳು ಮಕ್ಕಳಿಗೆ ಬಾಯಿಪಾಠ, ಅಲ್ವಾ? ಹೆಸರನ್ನು ಕನ್ನಡದಲ್ಲಿ ಸರಿಯಾಗಿ ಬರೆದರೆ ಗಾಡಿ ಮುಂದಕ್ಕೆ. ದಾದರ್, ಮಾಟುಂಗಾ ಸಲೀಸು. ಕುರ್ಲಾದಲ್ಲಿ ಎಲ್ಲರೂ ನಿಲ್ಲುತ್ತಾರೆ! ಮರಾಠಿಯಲ್ಲಿ ರಫಾರ, ಅಂದರೆ ಅರ್ಧ 'ರ್' ಗುರುತು, 'ಲಾ' ತಲೆಯ ಮೇಲೆ ಕೂರುತ್ತದೆ, ನಮ್ಮ ಅರ್ಕಾವೊತ್ತು ಅಕ್ಷರದ ಬಲಕ್ಕೆ. ಆಮೇಲೆ ವಿಕ್ರೋಲಿಯ ಕ್ರಾವಡಿ (ರ ಒತ್ತು), ಮುಂಬ್ರಾದ ಸೊನ್ನೆ. ಸಿಕ್ಕಿಬಿದ್ದ ಸ್ಟೇಷನ್‌ನಲ್ಲಿ ಅದೇ ಒತ್ತಿನ ಇನ್ನೂ ಮೂರು ಪದ ಹೇಳಿದರೆ ಸಿಗ್ನಲ್ ಕೊಡುತ್ತೇವೆ. ಕುರ್ಲಾ ಆದರೆ ಸೂರ್ಯ, ವರ್ಷ, ಅರ್ಧ. ತಪ್ಪಿದವರನ್ನು ಆಟದಿಂದ ಹೊರಗೆ ಕೂರಿಸಬೇಡಿ. ಜಾಸ್ತಿ ಅಭ್ಯಾಸ ಬೇಕಾದವರೇ ಅವರು.

ಕಲ್ಯಾಣ್‌ನಿಂದ:
ಹೊಸ ಪದಕ್ಕೆ ಹೌಸಿ ಆಡಿಸಿ, ಕೂಗಿದ ಅಂಕಿಯನ್ನು ಟಿಕೆಟ್‌ನಲ್ಲಿ ಹೊಡೆದುಹಾಕುವ ತಂಬೋಲಾ ಆಟ. ಅಂಕಿ ಬದಲು ಪದ. ಮೊದಲೇ ಹದಿನೈದು ಪದ ಹಲಗೆಯ ಮೇಲೆ ಬರೆದು, ತಮಗೆ ಬೇಕಾದ ಒಂಬತ್ತನ್ನು ಮಕ್ಕಳೇ ಟಿಕೆಟ್‌ಗೆ ಇಳಿಸಿಕೊಳ್ಳಲಿ. ನಾವು ಪದ ಕೂಗುವುದಿಲ್ಲ, ಅರ್ಥ ಹೇಳುತ್ತೇವೆ. 'ಮಜ್ಜಿಗೆ ಕಡೆಯುವುದು' ಅಂದರೆ ಕಡಗೋಲು, 'ಅಕ್ಕಿ ಕೇರುವುದು' ಅಂದರೆ ಮೊರ. ಇಳಿಗೆಮಣೆಗೆ ನಮ್ಮ ಮಕ್ಕಳು ಮರಾಠಿಯ 'ವಿಳಿ' ಅಂತಲೇ ಅನ್ನುತ್ತಿದ್ದರು. ಈಗ ಎರಡೂ ಗೊತ್ತು.

ಡೊಂಬಿವಲಿಯಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾಲ್‌ನಲ್ಲಿ ಟೈಲ್ಸ್ ಇದೆ, ಸೀಮೆಸುಣ್ಣ ಹತ್ತುವುದಿಲ್ಲ. ಏನು ಮಾಡಲಿ?

ಮುಲುಂಡ್‌ನಿಂದ:
ಎರಡು ಹಳೆ ಬೆಡ್‌ಶೀಟ್ ಹಾಸಬೇಡಿ, ಹಾರಿದರೆ ಜಾರುತ್ತದೆ. ಪೇಂಟರ್‌ಗಳು ಅಂಟಿಸುವ ಕಾಗದದ ಟೇಪ್ ತನ್ನಿ. ಕಿತ್ತರೆ ಕಲೆ ಉಳಿಯುವುದಿಲ್ಲ.